ಜ್ವರ ಬಿಟ್ಟ ದಿನವೇ ಹುಷಾರಾಗಿರಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: "ಎಂಟು ವರ್ಷದ ಮಗನಿಗೆ ಜ್ವರ ಬಂತು. ಎರಡನೇ ದಿನವೇ ಡಾಕ್ಟರಿಗೆ ತೋರಿಸಿದೆ. ವೈರಲ್ ಅಂದರು, ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. 'ಇಷ್ಟಕ್ಕೆ ನಾನೂರು ರೂಪಾಯಿ ಸುರಿದೆಯಾ? ಮೂರು ದಿನ ಕಷಾಯ ಕುಡಿಸಿದ್ದರೆ ಹೋಗ್ತಿತ್ತು' ಅಂತ ಅತ್ತೆ ಬೈದರು. ಸಣ್ಣ ಕಾಯಿಲೆಗೆ ಯಾವಾಗ ಡಾಕ್ಟರ ಹತ್ತಿರ ಓಡಬೇಕು, ಯಾವಾಗ ಸುಮ್ನಿರಬೇಕು?"

ಸಂಪಾದಕರ ಉತ್ತರ:

ಅಮ್ಮಾ, ಆ ನಾನೂರು ರೂಪಾಯಿ ದಂಡ ಆಗಲಿಲ್ಲ. ಡಾಕ್ಟರು ಮಗುವನ್ನು ಮುಟ್ಟಿ, ನೋಡಿ 'ಏನಿಲ್ಲ' ಅಂದರು. ಮನೆಯಲ್ಲಿ ಕೂತು ನಾವೇ 'ಏನಿಲ್ಲ' ಅಂದುಕೊಳ್ಳುವುದು ಬೇರೆ.

ನೆಗಡಿ, ಸಣ್ಣ ಕೆಮ್ಮು ಇದ್ದು ಮಗು ಆಡಿಕೊಂಡು, ಉಂಡುಕೊಂಡು ಇದ್ದರೆ ಮನೆಮದ್ದು ಸಾಕು. ಜ್ವರದ ವಿಷಯ ಮಾತ್ರ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಮನೆಯಲ್ಲೇ ಪೆಟ್ಟು ತಿಂದಿದ್ದೇವೆ.

ನನ್ನ ತಮ್ಮನಿಗೆ ಡೆಂಗಿ ಆಗಿತ್ತು. ನಾಲ್ಕು ದಿನ ಮೈ ಕೆಂಡ. ಐದನೇ ದಿನ ಬೆಳಿಗ್ಗೆ ಬೆವರಿ ಜ್ವರ ಇಳಿಯಿತು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಮಧ್ಯಾಹ್ನ ಎರಡು ತುತ್ತು ಗಂಜಿ ಉಂಡವನು ವಾಂತಿ ಮಾಡಿದ. ಹೊಟ್ಟೆ ನೋವು ಅಂದ. ಗ್ಯಾಸ್ ಇರಬೇಕು ಅಂತ ಓಂಕಾಳಿನ ನೀರು ಕೊಟ್ಟೆವು. ಸಂಜೆ ಹೊದಿಕೆ ಸರಿಸಿ ಪಾದ ಮುಟ್ಟಿದರೆ ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿತ್ತು. ಬೆಳಿಗ್ಗೆಯಿಂದ ಒಂದು ಸಲವೂ ಮೂತ್ರಕ್ಕೆ ಹೋಗಿಲ್ಲ ಅನ್ನುವುದು ಆಗ ಗೊತ್ತಾಯಿತು. ಮೂರು ದಿನ ಐಸಿಯುನಲ್ಲಿದ್ದು ಉಳಿದುಕೊಂಡ. "ಬೆಳಿಗ್ಗೆಯೇ ಯಾಕೆ ಕರೆತರಲಿಲ್ಲ?" ಅಂತ ಡಾಕ್ಟರು ಕೇಳಿದರು. "ಜ್ವರ ಬಿಟ್ಟಿತ್ತಲ್ಲ" ಅಂದೆವು.

ಡೆಂಗಿಯಲ್ಲಿ ಮೋಸ ಹೋಗುವುದು ಅಲ್ಲೇ. ಹೆಚ್ಚಾಗಿ 3ರಿಂದ 7ನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೇ ಅಪಾಯ ಶುರುವಾಗುತ್ತದೆ. ಕೆಲವರಿಗೆ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರಿ, ರಕ್ತ ಗಟ್ಟಿಯಾಗಿ, ಬಿಪಿ ಕುಸಿಯುತ್ತದೆ. ಆ 24ರಿಂದ 48 ಗಂಟೆ ಕಣ್ಣಿಟ್ಟು ಕಾಯಬೇಕು. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಾರೆ. ಕೈಕಾಲು ಬೆಚ್ಚಗಿದೆಯಾ, ಮೂತ್ರ ಆಗ್ತಿದೆಯಾ ಅಂತ ಕೇಳುವವರು ಕಡಿಮೆ. ಹೊಟ್ಟೆ ಜೋರಾಗಿ ನೋಯುವುದು, ವಾಂತಿ ನಿಲ್ಲದಿರುವುದು, ಹಲ್ಲುಜ್ಜುವಾಗ ನೊರೆಯಲ್ಲಿ ರಕ್ತ, ಮಗು ಮಂಕಾಗುವುದು ಅಥವಾ ಸುಮ್ಮಸುಮ್ಮನೆ ಹೊರಳಾಡುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ಮೈಕೈ ನೋವಿಗೆ ಅಂತ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫಿನಾಕ್, ಆಸ್ಪಿರಿನ್ ತಂದು ಕೊಡಬೇಡಿ. ಡೆಂಗಿಯಾಗಿದ್ದರೆ ರಕ್ತಸ್ರಾವ ಜಾಸ್ತಿಯಾಗಬಹುದು. ಡಾಕ್ಟರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು.

ನೀವು ಮಲೆನಾಡಿನವರು. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ನಿಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ. ಬೇಸಿಗೆ ಹೊತ್ತಿಗೆ ಒಣ ಎಲೆಯ ದರಗು ಗುಡಿಸಿ ತರಲು ಕಾಡಿಗೆ ಹೋದವರಿಗೆ ಜ್ವರ ಬಂದರೆ ಅತ್ತೆಯವರು ಹೇಳಿದ ಮೂರು ದಿನದ ಲೆಕ್ಕ ಬೇಡ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಾಡಿಗೆ ಹೋಗಿದ್ದು, ಉಣುಗು ಕಚ್ಚಿದ್ದು ಎರಡನ್ನೂ ಬಾಯಿಬಿಟ್ಟು ಹೇಳಿ. ಅವರಾಗಿ ಕೇಳದೆಯೂ ಇರಬಹುದು.

ಮೂರು ತಿಂಗಳು ತುಂಬದ ಕೂಸಿನ ಮೈ 100.4 ಡಿಗ್ರಿ ಮುಟ್ಟಿದರೆ ಕಷಾಯದ ಮಾತೇ ಬೇಡ, ಆಗಲೇ ಹೊರಡಿ. ಬಸುರಿ, ಸಕ್ಕರೆ ಕಾಯಿಲೆಯವರು, ವಯಸ್ಸಾದವರಿಗೂ ಜ್ವರ ಬಂದರೆ ತಡ ಮಾಡಬೇಡಿ. ದೊಡ್ಡವರಲ್ಲಿ ಕೆಮ್ಮು ಎರಡು ವಾರ ದಾಟಿದರೆ ಕ್ಷಯ (ಟಿಬಿ) ಇದೆಯಾ ಅಂತ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಜ್ವರದಲ್ಲಿ ಗಂಜಿ ತಿಳಿ, ಎಳನೀರು ಕುಡಿಸುವ ಅವರ ಕಾಲದ ರೂಢಿ ಒಳ್ಳೆಯದೇ. ಇನ್ನೊಂದು ಕೆಲಸ ಅವರಿಗೇ ಒಪ್ಪಿಸಿ. ಜ್ವರ ಶುರುವಾದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ, ಮಗು ಎಷ್ಟು ಸಲ ಮೂತ್ರಕ್ಕೆ ಹೋಯಿತು ಅಂತ ಲೆಕ್ಕ ಇಡಲಿ. ಆಸ್ಪತ್ರೆಯಲ್ಲಿ "ಇವತ್ತಿಗೆ ಎಷ್ಟನೇ ದಿನ?" ಅಂದಾಗ ನಾವು ತಡವರಿಸಿದ್ದು ನನಗೆ ಇನ್ನೂ ನೆನಪಿದೆ.

ಮಗ ಈಗ ಶಾಲೆಗೆ ಹೋಗ್ತಿದ್ದಾನಾ? ಒಂದು ಸಾಲು ಬರೆಯಿರಿ.