ಹಾಲ್ವರ್‌ಗೆ ಹನ್ನೊಂದು ಶಕ್ತಿ ಯಾಕೆ?

ನಮಸ್ಕಾರ,

ನಿಮ್ಮ ಕಾದಂಬರಿಯ ಮೊದಲ ಮೂರು ಅಧ್ಯಾಯ ಓದಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. "ನಾರ್ಸ್ (ಹಳೆಯ ಸ್ಕ್ಯಾಂಡಿನೇವಿಯಾದ) ದಂತಕಥೆಗಳ ಪ್ರೇರಣೆಯಿಂದ ಹಾಲ್ವರ್ ಅನ್ನೋ ಯೋಧನನ್ನು ಕಟ್ಟಿದ್ದೇನೆ, ಅವನ ಮಾಯಾಶಕ್ತಿಗಳು ಸರಿಯಾಗಿ ಬಂದಿವೆಯಾ, ಮುಚ್ಚುಮರೆ ಇಲ್ಲದೆ ಹೇಳಿ" ಅಂತ ಕೇಳಿದ್ದೀರಿ. ಹಾಗಾದರೆ ಕೇಳಿ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರುತ್ತಿಲ್ಲ. ಅದಕ್ಕೆ ಕಾರಣ ಹಾಲ್ವರ್ ಅಲ್ಲ, ಅವನ ಅಜ್ಜಿ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂಬತ್ತನೇ ಪುಟ. ಅಲ್ಲಿ ಹಾಲ್ವರ್‌ನ ಶಕ್ತಿಗಳೆಲ್ಲ ಸಾಲಾಗಿ ನಿಂತಿವೆ. ಕರಡಿಯಾಗುತ್ತಾನೆ. ಬೆಂಕಿ ಸುಡುವುದಿಲ್ಲ. ಗಾಯ ತಾನೇ ಮಾಯುತ್ತದೆ. ಹಕ್ಕಿಗಳ ಮಾತು ಗೊತ್ತು. ಮುಂದಾಗುವುದು ಕಾಣುತ್ತದೆ. ತೋಳಿನ ಮೇಲಿನ ರೂನ್ ಅಕ್ಷರಗಳು ನೀಲಿಯಾಗಿ ಹೊಳೆಯುತ್ತವೆ. ಹೀಗೆ ಇನ್ನೂ ಇವೆ, ಎಲ್ಲ ಎಣಿಸಿದರೆ ಹನ್ನೊಂದು. ಹನ್ನೊಂದು ಶಕ್ತಿ ಇರುವವನಿಗೆ ಕಷ್ಟ ಎಲ್ಲಿಂದ ಬರಬೇಕು ಹೇಳಿ? ನಿಮಗೂ ಆ ಅನುಮಾನ ಬಂದಿದೆ. ಅದಕ್ಕೇ "ಪ್ರತಿ ಸಲ ಶಕ್ತಿ ಬಳಸಿದಾಗ ಹಾಲ್ವರ್‌ನ ಆಯುಸ್ಸಿನಲ್ಲಿ ಒಂದು ದಿನ ಕಮ್ಮಿಯಾಗುತ್ತಿತ್ತು" ಅಂತ ಒಂದು ಸಾಲು ಸೇರಿಸಿದ್ದೀರಿ. ಮಾಯೆಗೆ ಒಂದು ಬೆಲೆ ಇರಬೇಕು ಅಂತ ಎಲ್ಲೋ ಓದಿರುತ್ತೀರಿ. ತಪ್ಪೇನಲ್ಲ. ಆದರೆ ಇಪ್ಪತ್ತರ ಹುಡುಗನಿಗೆ ಆಯುಸ್ಸಿನಲ್ಲಿ ಒಂದು ದಿನ ಅಂದರೆ ಮೊಬೈಲ್ ಕರೆನ್ಸಿ ಇದ್ದ ಹಾಗೆ. ಕಟ್ ಆಗುತ್ತಿರುತ್ತದೆ, ಯಾರಿಗೂ ಕಾಣುವುದಿಲ್ಲ, ಕಥೆಗೂ ಏನೂ ಆಗುವುದಿಲ್ಲ.

ಹಳೆಯ ಐಸ್‌ಲ್ಯಾಂಡಿನ ಕಥೆಗಳಲ್ಲಿ ಬೆಲೆಗಿಂತ ಮುಖ್ಯವಾದದ್ದು ಇನ್ನೊಂದಿದೆ. ಅದನ್ನು ನಾನು ಸಂದು ಅಂತ ಕರೆಯುತ್ತೇನೆ. ಅಲ್ಲಿನ ಮಾಟದಲ್ಲಿ ಬೇರೆಯವರು ಕೈ ಹಾಕಬಹುದಾದ ಒಂದು ಜಾಗ ಇದ್ದೇ ಇರುತ್ತದೆ. ಕಥೆ ಒಳಗೆ ಬರುವುದು ಆ ಸಂದಿನಿಂದಲೇ.

ನಿಮ್ಮ ಕರಡಿಯನ್ನೇ ತೆಗೆದುಕೊಳ್ಳಿ. ಹಾಲ್ವರ್ ಗುಡುಗುತ್ತಾನೆ, ಮೈಮೇಲೆ ರೋಮ ಬರುತ್ತದೆ, ಮೂವತ್ತು ಜನರನ್ನು ಸೀಳುತ್ತಾನೆ. ಈಗ ಹ್ರೋಲ್ಫ್ ಕ್ರಾಕಿ ಅನ್ನೋ ಡೇನಿಶ್ ರಾಜನ ಸಾಗಾದಲ್ಲಿ, ಅಂದರೆ ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆಯಲ್ಲಿ, ಏನಾಗುತ್ತದೆ ನೋಡಿ. ಕೊನೆಯ ಯುದ್ಧ. ರಾಜನ ಮುಂದೆ ಎಲ್ಲಿಂದಲೋ ಒಂದು ದೊಡ್ಡ ಕರಡಿ ಬಂದು ನಿಂತಿದೆ. ಕತ್ತಿ ಬಾಣ ಯಾವುದೂ ಅದಕ್ಕೆ ತಾಗುವುದಿಲ್ಲ. ಒಂದೊಂದು ಏಟಿಗೆ ಆಳು ಕುದುರೆ ಎಲ್ಲ ಉರುಳುತ್ತಿವೆ. ಆದರೆ ರಾಜನ ದೊಡ್ಡ ವೀರ ಬೊದ್ವಾರ್ ಬ್ಯಾರ್ಕಿ ಮಾತ್ರ ಕಣದಲ್ಲಿ ಕಾಣುತ್ತಿಲ್ಲ. ಅವನ ಗೆಳೆಯ ಹ್ಯಾಲ್ತಿಗೆ ಹೊಟ್ಟೆ ಉರಿಯುತ್ತದೆ. ಓಡಿ ಹೋಗಿ ನೋಡಿದರೆ ಬೊದ್ವಾರ್ ಮನೆಯೊಳಗೆ ಕಲ್ಲಿನ ಹಾಗೆ ಕೂತಿದ್ದಾನೆ. ಹ್ಯಾಲ್ತಿ ಬೈಯುತ್ತಾನೆ, ನೀನು ಏಳದಿದ್ದರೆ ಮನೆಗೇ ಬೆಂಕಿ ಇಡುತ್ತೇನೆ ಅನ್ನುತ್ತಾನೆ. ಬೊದ್ವಾರ್ ನಿಟ್ಟುಸಿರು ಬಿಟ್ಟು ಏಳುತ್ತಾನೆ. ನೀನು ಅಂದುಕೊಂಡಷ್ಟು ಉಪಕಾರ ರಾಜನಿಗೆ ಆಗಲಿಲ್ಲ ಅನ್ನುತ್ತಾನೆ. ಇಬ್ಬರೂ ಹೊರಗೆ ಬರುವಷ್ಟರಲ್ಲಿ ಕರಡಿ ಮಾಯ. ಅಲ್ಲಿಯವರೆಗೆ ಸುಮ್ಮನಿದ್ದ ವೈರಿ ರಾಣಿ ಸ್ಕುಲ್ಡ್‌ಳ ಮಾಟಕ್ಕೆ ಈಗ ದಾರಿ ಸಿಗುತ್ತದೆ. ಯುದ್ಧ ಸೋಲುತ್ತಾರೆ.

ಇದನ್ನು ಎರಡು ಸಲ ಓದಿ. ಮೈ ಒಳಗೆ ಕೂತಿರುತ್ತದೆ, ಕರಡಿ ಹೊರಗೆ ಕಾದುತ್ತಿರುತ್ತದೆ. ಯಾರೂ ಎಬ್ಬಿಸಬಾರದು. ಎಬ್ಬಿಸಿದವನು ವೈರಿಯಲ್ಲ, ಪ್ರಾಣಸ್ನೇಹಿತ. ಅವನು ಮಾಡಿದ್ದು ಕೆಟ್ಟ ಕೆಲಸವೂ ಅಲ್ಲ. ಬೊದ್ವಾರ್‌ಗೆ ಇರುವುದು ಒಂದೇ ಶಕ್ತಿ, ಆದರೆ ಅದರಲ್ಲಿ ಗೆಳೆತನ, ಅವಮಾನ, ಸೋಲು ಮೂರೂ ಇವೆ. ನಿಮ್ಮ ಹನ್ನೊಂದರಲ್ಲಿ ಇಂಥ ಒಂದು ಎಳೆ ನನಗೆ ಸಿಗಲಿಲ್ಲ.

ಇನ್ನು ಹದಿನಾಲ್ಕನೇ ಪುಟ. "ಹಾಲ್ವರ್ ದಿಟ್ಟಿಸಿ ನೋಡಿದೊಡನೆ ಶತ್ರುಗಳ ಖಡ್ಗಗಳು ನಿಷ್ಪ್ರಯೋಜಕವಾದವು." ಮುಗೀತು, ಒಂದೇ ಸಾಲು! ಕಣ್ಣಿನಿಂದ ಅಲಗು ಮೊಂಡಾಗಿಸುವುದು ಸಾಗಾಗಳಲ್ಲಿ ನಿಜವಾಗಿಯೂ ಬರುತ್ತದೆ, ನೀವು ಓದಿದ್ದೀರಿ ಅಂತ ಗೊತ್ತಾಯಿತು, ಖುಷಿಯಾಯಿತು. ಆದರೆ ಗುನ್‌ಲೌಗ್ ಅನ್ನೋ ಕವಿಯ ಸಾಗಾದಲ್ಲಿ ಇದನ್ನು ಹೇಗೆ ಬಳಸಿದ್ದಾರೆ ನೋಡಿ. ಗುನ್‌ಲೌಗ್ ಲಂಡನ್ನಿನಲ್ಲಿ ಥೋರೋರ್ಮ್ ಅನ್ನೋ ಒಬ್ಬನಿಗೆ ಸಾಲ ಕೊಡುತ್ತಾನೆ. ಅವನು ಹಿಂದಿರುಗಿಸುವುದಿಲ್ಲ. (ಮಾಯಾಲೋಕದ ಕಥೆಯಲ್ಲಿ ಜಗಳ ಸಾಲದಿಂದ ಶುರುವಾಗುವುದು ನನಗೆ ಬಹಳ ಇಷ್ಟ.) ಕೊನೆಗೆ ದ್ವಂದ್ವಕ್ಕೆ ನಿಲ್ಲುತ್ತಾರೆ. ಆಗ ಇಂಗ್ಲೆಂಡಿನ ರಾಜ ಎಥೆಲ್ರೆಡ್ ಗುನ್‌ಲೌಗ್‌ನನ್ನು ಎಚ್ಚರಿಸುತ್ತಾನೆ: ಅವನು ಯಾವ ಆಯುಧವನ್ನಾದರೂ ಮೊಂಡು ಮಾಡುತ್ತಾನೆ, ಇಗೋ ಈ ಕತ್ತಿ ತಗೋ, ಹೊಡೆಯುವುದು ಇದರಲ್ಲಿ, ತೋರಿಸುವುದು ಮಾತ್ರ ಬೇರೆಯದನ್ನು. ಕಣದಲ್ಲಿ ಥೋರೋರ್ಮ್ ಕತ್ತಿ ಯಾವುದು ಅಂತ ಕೇಳುತ್ತಾನೆ. ಗುನ್‌ಲೌಗ್ ತನ್ನ ಹಳೆಯದನ್ನು ತೋರಿಸುತ್ತಾನೆ, ಹೊಸದರಲ್ಲಿ ಹೊಡೆಯುತ್ತಾನೆ. ಒಂದೇ ಏಟು.

ಆ ಕಣ್ಣಿಗೆ ಕತ್ತಿ ಮೊದಲು ಕಾಣಬೇಕು. ಅದೇ ಸಂದು. ಹಾಲ್ವರ್‌ನ ವೈರಿ ಯಾಕೆ ಹೀಗೆ ಯೋಚಿಸುವುದಿಲ್ಲ? ನಿಮ್ಮ ವೈರಿಗಳೆಲ್ಲ ಸಾಯೋಕೆ ಅಂತಲೇ ಸಾಲಲ್ಲಿ ನಿಂತ ಹಾಗಿದ್ದಾರೆ.

ಅಂದ ಹಾಗೆ, ಬೆಲೆಯ ವಿಷಯವೂ ಅಲ್ಲಿ ಇದೆ, ಆದರೆ ಕಣ್ಣಿಗೆ ಕಾಣುವಂತಿದೆ. ಎಗಿಲ್ ಅನ್ನೋ ಕವಿ-ಯೋಧನ ಸಾಗಾದಲ್ಲಿ ಅವನ ತಾತ ಕ್ವೆಲ್ದುಲ್ಫ್ ಆವೇಶ ಬಂದಾಗ ಯಾರ ಕೈಗೂ ಸಿಗದವನು. ಇಳಿದ ಮೇಲೆ ಮಾಮೂಲಿಗಿಂತ ನಿತ್ರಾಣವಾಗಿ ಹಾಸಿಗೆ ಹಿಡಿಯುತ್ತಾನೆ. ಆ ಹೊತ್ತಲ್ಲಿ ಬಾಗಿಲು ತಟ್ಟಿದವರು ಯಾರು ಅಂತ ಬರೆದರೆ ನಿಮಗೆ ಒಂದು ಅಧ್ಯಾಯ ಸಿಗುತ್ತದೆ.

ರೂನ್‌ಗಳ ವಿಷಯಕ್ಕೆ ಬರೋಣ. ನೀಲಿ ಹೊಳಪು ದಯವಿಟ್ಟು ತೆಗೆದುಬಿಡಿ. ಅದು ವಿಡಿಯೋ ಗೇಮಿನ ಹೊಳಪು. ರೂನ್ ಅಂದರೆ ಕೊರೆಯುವ ಅಕ್ಷರ. ಮರ, ಎಲುಬು, ಕೊಂಬಿನ ಮೇಲೆ ಚಾಕುವಿನಿಂದ ಕೊರೆಯಬೇಕು, ತಪ್ಪಿದರೆ ಹೆರೆದು ತೆಗೆಯಬೇಕು. ಎಗಿಲ್ ಒಂದು ಮನೆಗೆ ಹೋದಾಗ ಅಲ್ಲಿ ಹೆಲ್ಗಾ ಅನ್ನೋ ಹುಡುಗಿ ಬಹಳ ದಿನದಿಂದ ಕಾಯಿಲೆ ಬಿದ್ದಿರುತ್ತಾಳೆ. ಹಾಸಿಗೆಯಲ್ಲಿ ಹುಡುಕಿದರೆ ತಿಮಿಂಗಿಲದ ಬಾಯೆಲುಬಿನ ಚೂರೊಂದು ಸಿಗುತ್ತದೆ, ಅದರ ಮೇಲೆ ರೂನ್. ಅಕ್ಕಪಕ್ಕದ ರೈತನ ಮಗ ಕೊರೆದದ್ದು. ಕೊರೆಯಲು ಬರದೆ ತಪ್ಪು ಕೊರೆದಿದ್ದಾನೆ, ಅದರಿಂದ ಕಾಯಿಲೆ ಹೆಚ್ಚಾಗಿದೆ. ಎಗಿಲ್ ಅಕ್ಷರಗಳನ್ನು ಹೆರೆದು ಬೆಂಕಿಗೆ ಹಾಕುತ್ತಾನೆ, ಎಲುಬನ್ನೂ ಸುಡುತ್ತಾನೆ, ಹಾಸಿಗೆ ಬಟ್ಟೆಗೆ ಗಾಳಿ ಆಡಿಸಲು ಹೇಳುತ್ತಾನೆ. ಆಮೇಲೆ ಹೊಸದಾಗಿ ಕೊರೆದು ದಿಂಬಿನ ಕೆಳಗೆ ಇಡುತ್ತಾನೆ. ಓದಲು ಬರದವನು ರೂನ್ ಕೊರೆಯಬಾರದು ಅಂತ ಒಂದು ಪದ್ಯವನ್ನೂ ಹೇಳುತ್ತಾನೆ. ಕಾಗುಣಿತ ತಪ್ಪಾದರೆ ಜೀವಕ್ಕೇ ಕುತ್ತು! ಕರಡು ತಿದ್ದುವ ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕಾ?

ಸಣ್ಣಪುಟ್ಟ ತಪ್ಪುಗಳನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ನಿಮ್ಮ ಕಥೆ ವೈಕಿಂಗ್ ಕಾಲದ್ದು. ಆಗ ಬಳಕೆಯಲ್ಲಿದ್ದದ್ದು 16 ರೂನ್‌ಗಳ ಸಾಲು. ನೀವು ಬಳಸಿದ 24ರ ಸಾಲು ಅದಕ್ಕಿಂತ ಹಳೆಯದು. ಅಜ್ಜಿಯ ಕಾಲದ ವಸ್ತುವಿನ ಮೇಲೆ ಹಳೆಯ ಸಾಲು ಇಟ್ಟು, ಅದು ಹಾಲ್ವರ್‌ಗೆ ಓದಲು ಬಾರದ ಹಾಗೆ ಮಾಡಿದರೆ ತಪ್ಪೇ ಲಾಭವಾಗುತ್ತದೆ. ಅವನ ಎದೆಯ ಮೇಲಿನ ದಿಕ್ಸೂಚಿ ಗುರುತು, ವೆಗ್ವಿಸಿರ್, ಸಿಗುವುದು 1860ರ ಐಸ್‌ಲ್ಯಾಂಡ್ ಹಸ್ತಪ್ರತಿಯಲ್ಲಿ. ಕೊಂಬಿನ ಶಿರಸ್ತ್ರಾಣ ಜನಪ್ರಿಯವಾದದ್ದು 1876ರ ಜರ್ಮನ್ ಒಪೆರಾದ ವೇಷಭೂಷಣದಿಂದ. ಎರಡನ್ನೂ ಬಿಡಿ. ಕೊಂಬಿನ ಬದಲು ಗುರಾಣಿ ಕಚ್ಚಿಸಿ. ಸ್ಕಾಟ್‌ಲ್ಯಾಂಡಿನ ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಬೆಳಕಿಗೆ ಬಂದ ವಾಲ್ರಸ್ ದಂತದ ಚದುರಂಗದ ಕಾಯಿಗಳ ಚಿತ್ರ ನೋಡಿ. ಕೆಲವು ಕಾವಲುಗಾರರು ಕಣ್ಣು ಬಿಟ್ಟುಕೊಂಡು ಗುರಾಣಿಯ ಅಂಚು ಕಚ್ಚಿ ನಿಂತಿದ್ದಾರೆ. ನೋಡಿದರೆ ನಗು ಬರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಭಯ ಆಗುತ್ತದೆ.

ಈಗ ಭಾಷೆ. ಹಾಲ್ವರ್ "ಹೇ ಓಡಿನ್, ಪ್ರಸನ್ನನಾಗು, ವರವ ನೀಡು" ಅಂತ ಕೈಮುಗಿಯುತ್ತಾನೆ. ಓದಿದ ಕೂಡಲೇ ನನಗೆ ಕರ್ಪೂರದ ವಾಸನೆ ಬಂತು. ವರ, ತಪಸ್ಸು, ಮಂತ್ರ ಅಂದರೆ ನಮ್ಮ ತಲೆಯಲ್ಲಿ ಬೇರೆಯೇ ಕಥೆ ಓಡುತ್ತದೆ. ಓಡಿನ್ ಸುಲಭಕ್ಕೆ ವರ ಕೊಡುವ ದೇವರಲ್ಲ, ಅವನೇ ಕಷ್ಟಪಟ್ಟು ಕಲಿತವನು. ಹಾವಮಾಲ್ ಅನ್ನೋ ಹಳೆಯ ಕಾವ್ಯದಲ್ಲಿ ಅವನು ಈಟಿಯಿಂದ ತಿವಿಸಿಕೊಂಡು, ಅನ್ನ ನೀರಿಲ್ಲದೆ ಒಂಬತ್ತು ರಾತ್ರಿ ಮರದಲ್ಲಿ ನೇತಾಡಿ ರೂನ್ ಎತ್ತಿಕೊಳ್ಳುತ್ತಾನೆ. ಅದೇ ಕಾವ್ಯದ ಕೊನೆಯಲ್ಲಿ ತನಗೆ ಗೊತ್ತಿರುವ 18 ಹಾಡುಗಳನ್ನು ಎಣಿಸುತ್ತಾನೆ. ವೈರಿಯ ಅಲಗು ಮೊಂಡು ಮಾಡುವುದು, ಕಾಲಿನ ಸಂಕೋಲೆ ಬಿಚ್ಚುವುದು, ಹಾರಿ ಬರುವ ಬಾಣವನ್ನು ನೋಟದಲ್ಲೇ ನಿಲ್ಲಿಸುವುದು, ಗಾಳಿ ತಣಿಸುವುದು. ಒಂದೊಂದನ್ನೂ ನನಗೆ ಗೊತ್ತು, ನನಗೆ ಗೊತ್ತು ಅನ್ನುತ್ತಾನೆ, ಹಾಡು ಮಾತ್ರ ಹಾಡುವುದಿಲ್ಲ! ನೀವೂ ಹಾಡಬೇಡಿ.

ಅದಕ್ಕೆ ಬೇಕಾದ ಮಾತು ನಮ್ಮ ಹಳ್ಳಿಗಳಲ್ಲೇ ಇದೆ: ಕಟ್ಟು. ಬಾಯಿ ಕಟ್ಟುವುದು, ಕಣ್ಣು ಕಟ್ಟುವುದು ಅಂತೀವಲ್ಲ, ಹಾಗೆ ಅಲಗು ಕಟ್ಟುವುದು, ಗಾಳಿ ಕಟ್ಟುವುದು. ಕಟ್ಟಿದ್ದನ್ನು ಯಾರಾದರೂ ಬಿಚ್ಚಬಹುದು ಅನ್ನೋದು ಆ ಪದದ ಒಳಗೇ ಇದೆ. ನಿಮ್ಮ ಹದಿನಾಲ್ಕನೇ ಪುಟದ ಸಾಲನ್ನು ಸುಮ್ನೆ ಹೀಗೆ ಬರೆದು ನೋಡಿದೆ: "ಹಾಲ್ವರ್ ಕತ್ತಿಯ ತುದಿಯಿಂದ ಹಿಡಿಯವರೆಗೆ ನೋಡಿದ. ಅಲಗು ಕಟ್ಟಿತು. ಮುದುಕ ಬೀಸಿದ ಏಟು ಭುಜಕ್ಕೆ ಬಿತ್ತು, ಸೌದೆ ಬಿದ್ದ ಹಾಗೆ. ಮುದುಕ ನಕ್ಕ. ಅವನ ಎಡಗೈ ಇನ್ನೂ ಕಂಬಳಿಯ ಒಳಗೇ ಇತ್ತು." ಇದು ನನ್ನದು, ನೀವು ಇದಕ್ಕಿಂತ ಚೆನ್ನಾಗಿ ಬರೆಯುತ್ತೀರಿ.

ಇನ್ನು ಅಜ್ಜಿ. ಇಪ್ಪತ್ತೆರಡನೇ ಪುಟದಲ್ಲಿ ಅವಳು ಹಾಲ್ವರ್‌ಗೆ ಸೇಯ್ದ್ ಅನ್ನೋ ಮಾಟ ಕಲಿಸುತ್ತಾಳೆ, ಊರವರು ಚಪ್ಪಾಳೆ ತಟ್ಟುತ್ತಾರೆ. ಇಲ್ಲೇ ನೀವು ದೊಡ್ಡ ಅವಕಾಶ ಕಳೆದುಕೊಂಡಿದ್ದೀರಿ. ಸೇಯ್ದ್ ಹೆಂಗಸರ ವಿದ್ಯೆ. ಗಂಡಸು ಮಾಡಿದರೆ ನಾಚಿಕೆಗೇಡು ಅಂತ ಐಸ್‌ಲ್ಯಾಂಡಿನ ಲೇಖಕ ಸ್ನೋರಿ ಸ್ಟುರ್ಲುಸನ್ 13ನೇ ಶತಮಾನದಲ್ಲೇ ಬರೆದಿದ್ದಾನೆ. ಓಡಿನ್‌ನನ್ನೇ, ದೇವರುಗಳ ನಡುವಿನ ತುಂಟ ಲೋಕಿ ಇದೇ ವಿಷಯಕ್ಕೆ ಹಂಗಿಸುತ್ತಾನೆ. ಹಾಲ್ವರ್ ಅದನ್ನು ಕದ್ದು ಕಲಿಯಬೇಕು. ಜೊತೆಗೆ ಯುದ್ಧ ಮಾಡುವವರಿಗೆ ಗೊತ್ತಾದರೆ ಮುಖ ತೋರಿಸಲು ಆಗಬಾರದು.

ಎರಿಕ್‌ನ ಸಾಗಾದಲ್ಲಿ ಥೋರ್‌ಬ್ಯೋರ್ಗ್ ಅನ್ನೋ ಕಣಿ ಹೇಳುವವಳು ಬರುತ್ತಾಳೆ. ಗ್ರೀನ್‌ಲ್ಯಾಂಡಿನಲ್ಲಿ ಬರಗಾಲ. ಕೈಯಲ್ಲಿ ಹಿತ್ತಾಳೆ ಗುಬಟಿನ ಕೋಲು, ಬೆಕ್ಕಿನ ಚರ್ಮದ ಕೈಗವಸು, ಆಡಿನ ಹಾಲಿನ ಗಂಜಿ ಊಟ. ಎಲ್ಲ ಸಿದ್ಧ, ಆದರೆ ಹಾಡು ಬಲ್ಲ ಹೆಂಗಸು ಬೇಕು. ಇಡೀ ಮನೆಯಲ್ಲಿ ಅದು ಬರುವುದು ಗುದ್ರಿದ್ ಒಬ್ಬಳಿಗೆ. ಅವಳು ಕ್ರೈಸ್ತಳು, ಹಾಡಲು ಮನಸ್ಸಿಲ್ಲ. ಚಿಕ್ಕವಳಿದ್ದಾಗ ಸಾಕುತಾಯಿ ಕಲಿಸಿದ್ದು. ಮನೆಯ ಯಜಮಾನ ಬಿಡುವುದಿಲ್ಲ, ಕೊನೆಗೆ ಹಾಡುತ್ತಾಳೆ. ನಂಬದವಳ ಬಾಯಿಂದ ಹಾಡು ಬಂದರೆ ಮಾತ್ರ ಮಾಟ ನಡೆಯುತ್ತದೆ. ಇಂಥ ಸಂದು ನಿಮ್ಮ ಅಜ್ಜಿಗೆ ಸಿಕ್ಕರೆ ಹಾಲ್ವರ್ ತಾನಾಗೇ ಬದುಕಿಕೊಳ್ಳುತ್ತಾನೆ.

ಹಾಗಾಗಿ ಹನ್ನೊಂದರಲ್ಲಿ ಎರಡು ಉಳಿಸಿಕೊಳ್ಳಿ. ಯಾವೆರಡು ಅಂತ ನಾನು ಹೇಳುವುದಿಲ್ಲ. ಇಡೀ ಕಾದಂಬರಿ ಈಗಲೇ ತಿದ್ದಲು ಹೋಗಬೇಡಿ, ಎರಡನೇ ಅಧ್ಯಾಯ ಒಂದನ್ನೇ ಬರೆದು ಕಳಿಸಿ. ಮೂವತ್ತೊಂದನೇ ಪುಟದ ಕೊನೆಯಲ್ಲಿ ಅಜ್ಜಿ ತನ್ನ ಕೋಲನ್ನು ಒಲೆಗೆ ಹಾಕಿ, ಅದರ ಮೇಲೇ ಗಂಜಿ ಕಾಯಿಸುತ್ತಾಳೆ. ಮುಂದಿನ ಸಾಲಲ್ಲೇ ನೀವು ಯುದ್ಧಕ್ಕೆ ಹೊರಟುಬಿಟ್ಟಿದ್ದೀರಿ. ಅವಳು ಅದನ್ನು ಯಾಕೆ ಸುಟ್ಟಳು? ಆ ಗಂಜಿ ಯಾರು ಕುಡಿದರು?