ಕೋಳಿಗಳ ನೀರಿಗೆ ನಿಂಬೆರಸ ಬೆರೆಸಬಹುದೇ?

ಪ್ರಶ್ನೆ: ನಮ್ಮದು ನಾಲ್ಕು ಸಾವಿರ ಬ್ರಾಯ್ಲರ್ ಕೋಳಿಗಳ ಫಾರಂ; ನೀರಿಗೆ ಕೊಳವೆಬಾವಿಯೇ ಆಧಾರ. ಮುಂಜಾಗ್ರತೆಗೆಂದು ಮರಿಗಳಿಗೆ ಮೊದಲ ವಾರ ಕೊಡುತ್ತಿದ್ದ ಆ್ಯಂಟಿಬಯಾಟಿಕ್ ನಿಲ್ಲಿಸಿ, ನಿಂಬೆ ಅಥವಾ ಹುಣಸೆಹುಳಿಯ ನೀರು ಕೊಡಬಹುದೇ?

ಉತ್ತರ: ರೋಗವಿಲ್ಲದ ಮರಿಗಳಿಗೆ ಔಷಧ ಕುಡಿಸುವುದನ್ನು ಬಿಡುವ ನಿಮ್ಮ ನಿರ್ಧಾರ ಸರಿಯಾಗಿದೆ, ಅಂಥ ಬಳಕೆಯಲ್ಲಿದ್ದ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡದಂತೆ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಆದರೆ ಹಣ್ಣಿನ ರಸವನ್ನೇ ಟ್ಯಾಂಕಿಗೆ ಸುರಿಯಬೇಡಿ. ನಿಂಬೆರಸದಲ್ಲಿರುವ ಸಿಟ್ರಿಕ್ ಆಮ್ಲ ಶೇ 5ರ ಆಸುಪಾಸು ಮಾತ್ರ. ಉದಾಹರಣೆಗೆ, ಸಾವಿರ ಲೀಟರ್ ನೀರಿಗೆ ಅರ್ಧ ಕಿಲೊ ಆಮ್ಲ ಸೇರಬೇಕಾದರೆ ಹತ್ತು ಲೀಟರ್ ರಸ ಹಿಂಡಬೇಕಾಗುತ್ತದೆ. ಖರ್ಚು ಹಾಗಿರಲಿ, ರಸದ ತಿರುಳು ಕೋಳಿಗಳು ನೀರು ಕುಡಿಯುವ ನಿಪ್ಪಲ್‌ಗಳನ್ನು ಕಟ್ಟಿಸುತ್ತದೆ, ಸಕ್ಕರೆಯಂಶ ಪೈಪಿನೊಳಗಿನ ಲೋಳೆಗೆ ಆಹಾರವಾಗುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲಕ್ಕೂ ಇದೇ ತೊಡಕು. ಆಹಾರದರ್ಜೆಯ ಸಿಟ್ರಿಕ್ ಆಮ್ಲದ ಪುಡಿಯೇ ಮೇಲು.

ಸಾವಯವ ಆಮ್ಲದ ವಿಭಜನೆಗೊಳ್ಳದ ಅಣುಗಳು ಬ್ಯಾಕ್ಟೀರಿಯಾದ ಪೊರೆಯನ್ನು ದಾಟಿ, ಒಳಗೆ ಹೋದ ಮೇಲೆ ವಿಭಜನೆಗೊಂಡು ಹುಳಿಯನ್ನು ಹೆಚ್ಚಿಸುತ್ತವೆ. ಅದನ್ನು ಹೊರದೂಡುವುದರಲ್ಲೇ ಆ ಜೀವಕೋಶದ ಶಕ್ತಿ ವ್ಯಯವಾಗುತ್ತದೆ. ಈ ಕೆಲಸದಲ್ಲಿ ಫಾರ್ಮಿಕ್ ಮತ್ತು ಪ್ರೊಪಿಯಾನಿಕ್ ಆಮ್ಲಗಳು ಸಿಟ್ರಿಕ್‌ಗಿಂತ ಚುರುಕು. ಸಿಟ್ರಿಕ್‌ನ ನಿಜವಾದ ಉಪಯೋಗ ನೀರಿನ ಪಿಎಚ್ (ಹುಳಿಯ ಮಟ್ಟದ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಇಳಿಸುವುದರಲ್ಲಿದೆ. ಹಾಗೆ ಇಳಿದ ನೀರು ಕೋಳಿಯ ಅನ್ನಚೀಲದಲ್ಲಿ ಸಾಲ್ಮೊನೆಲ್ಲಾ, ಇ. ಕೊಲೈ ಎಂಬ ಬ್ಯಾಕ್ಟೀರಿಯಾಗಳಿಗೆ ಅನನುಕೂಲವಾದ ವಾತಾವರಣವನ್ನು ಉಂಟುಮಾಡಲು ನೆರವಾಗುತ್ತದೆ.

ಪ್ರಮಾಣವನ್ನು ನೆರೆಯವರನ್ನು ಕೇಳಿ ನಿರ್ಧರಿಸಬೇಡಿ. ಕೊಳವೆಬಾವಿಯ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿದ್ದರೆ ಹಾಕಿದ ಆಮ್ಲವನ್ನು ಅದೇ ನುಂಗಿಬಿಡುತ್ತದೆ. ಒಂದು ಬಾವಿಗೆ ಸಾಕಾದದ್ದು ಇನ್ನೊಂದಕ್ಕೆ ಏನೇನೂ ಸಾಲದು. ಒಂದು ಬಕೆಟ್ ನೀರಿಗೆ ಸ್ವಲ್ಪ ಸ್ವಲ್ಪವೇ ಪುಡಿ ಬೆರೆಸಿ, ಪ್ರತಿ ಸಲವೂ ಪಿಎಚ್ ಅಳೆದು, 5.5ರಿಂದ 6ರ ನಡುವೆ ನಿಲ್ಲುವಷ್ಟನ್ನು ಗುರುತಿಸಿಕೊಳ್ಳಿ. 4ಕ್ಕಿಂತ ಕೆಳಗಿಳಿಸಿದರೆ ಕೋಳಿಗಳು ನೀರು ಕುಡಿಯುವುದನ್ನೇ ಕಡಿಮೆ ಮಾಡಬಹುದು, ಕಬ್ಬಿಣದ ಪೈಪುಗಳೂ ಸವೆಯುತ್ತವೆ.

ಕ್ಲೋರಿನ್ ಬಳಸುವವರಾದರೆ, ಆಮ್ಲವನ್ನೂ ಬ್ಲೀಚಿಂಗ್ ದ್ರಾವಣವನ್ನೂ ಒಂದೇ ಪಾತ್ರೆಯಲ್ಲಿ ಎಂದಿಗೂ ಕಲಸಬೇಡಿ, ವಿಷಾನಿಲ ಏಳುತ್ತದೆ. ನೀರಿನ ಮೂಲಕ ಲಸಿಕೆ ಕೊಡುವ ಹಿಂದಿನ ದಿನವೇ ಇವೆರಡನ್ನೂ ನಿಲ್ಲಿಸಿ ಪೈಪುಗಳನ್ನು ತೊಳೆಯಿರಿ. ರಕ್ತಭೇದಿಯೋ ಏಕಾಏಕಿ ಸಾವೋ ಕಾಣಿಸಿಕೊಂಡಾಗ ಹುಳಿನೀರನ್ನು ನಂಬಿ ಕೂರದೆ, ಸತ್ತ ಕೋಳಿಯೊಂದನ್ನು ಪಶುವೈದ್ಯರಲ್ಲಿಗೆ ಮರಣೋತ್ತರ ಪರೀಕ್ಷೆಗೆ ಒಯ್ಯಿರಿ.