ದೊಡ್ಡವರಾದ ಮೇಲೂ ಕಲ್ಪನೆ ಚುರುಕಾಗಿರಲು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳು ಹೇಗೆ ನೆರವಾಗುತ್ತವೆ?

ಮುಖ್ಯ ಕಾರಣ, ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ನಡೆಸುವ ಈ ಆಟದಲ್ಲಿ ಕಣ್ಣಿಗೆ ಕಾಣುವುದು ತೀರಾ ಕಡಿಮೆ. ಊರು, ಕಾಡು, ಶತ್ರು ಎಲ್ಲವನ್ನೂ ನೀವೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಗೊಳ್ಳಿ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಕಥೆ ನಡೆಸುವವರು ಡಂಜನ್ ಮಾಸ್ಟರ್, ಉಳಿದವರಿಗೆ ಒಂದೊಂದು ಪಾತ್ರ. ‘ಸೇತುವೆ ಮುರಿದಿದೆ, ಹಿಂದೆ ಕಾವಲುಗಾರರು ಓಡಿ ಬರ್ತಿದ್ದಾರೆ. ಏನು ಮಾಡ್ತೀರಿ?’ ಅಂತ ಮಾಸ್ಟರ್ ಕೇಳುತ್ತಾರೆ. ವಿಡಿಯೊ ಗೇಮ್‌ನಂತೆ ಆರಿಸಿಕೊಳ್ಳಲು ಬಟನ್ ಇಲ್ಲ. ಹಾರಬಹುದು, ಹಗ್ಗ ಎಸೆಯಬಹುದು, ಕಾವಲುಗಾರರಿಗೆ ಏನಾದರೂ ಸುಳ್ಳು ಹೇಳಿ ಪಾರಾಗಬಹುದು. ಆಮೇಲೆ 20 ಮುಖದ ದಾಳ ಉರುಳಿಸುತ್ತೀರಿ. ಬಿದ್ದ ಸಂಖ್ಯೆಗೆ ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿದರೆ ಕೆಲಸ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ನನಗೆ ತುಂಬಾ ಇಷ್ಟವಾಗುವುದು ಕೆಲಸ ಕೆಟ್ಟಾಗ. ಹಗ್ಗ ತುಂಡಾದರೆ ಕಥೆ ನಿಲ್ಲುವುದಿಲ್ಲ. ಯಾರೂ ಎಣಿಸದ ಕಡೆಗೆ ತಿರುಗುತ್ತದೆ, ಮಾಸ್ಟರ್ ಕೂಡ ಹೊಸದಾಗಿ ಯೋಚಿಸಲೇಬೇಕು.

ಯಕ್ಷಗಾನದ ತಾಳಮದ್ದಳೆ ಕೇಳಿದವರಿಗೆ ಈ ಸುಖ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಪಾತ್ರಗಳ ಮಾತಾಡುವ ಅರ್ಥಧಾರಿಗಳು ಕೂತಲ್ಲೇ ಎದುರಿನವರ ಮಾತಿಗೆ ಆ ಕ್ಷಣದಲ್ಲೇ ಮಾತು ಹುಟ್ಟಿಸುತ್ತಾರೆ.

ದೊಡ್ಡವರಿಗೆ ಸಂಕೋಚ ಜಾಸ್ತಿ ಅಲ್ವಾ? ಸುಮ್ನೆ ‘ಒಂದು ಕಥೆ ಕಟ್ಟಿ’ ಅಂದರೆ ಮಾತೇ ಹೊರಡುವುದಿಲ್ಲ. ನಿಯಮ, ದಾಳ, ಪಾತ್ರಕ್ಕೊಂದು ಹೆಸರು ಇದ್ದರೆ ಬಾಯಿ ಬಿಚ್ಚುತ್ತದೆ. ಒಂದೇ ಕಥೆ ಎಷ್ಟೋ ವಾರ ನಡೆಯುವುದರಿಂದ ನಡುವಿನ ದಿನಗಳಲ್ಲೂ, ಬಸ್ಸಿನಲ್ಲಿ ಕೂತಾಗಲೂ ತಲೆ ಮುಂದಿನ ಉಪಾಯ ಹುಡುಕುತ್ತಿರುತ್ತದೆ.